ಮನದ ಭಾರ, ಮೈಯ ಸಾಲ

ನಮ್ಮ ಬಳಗದಲ್ಲಿ ಒಬ್ಬ ಅಕ್ಕನಿದ್ದಾಳೆ, ದೊಡ್ಡಮ್ಮನ ಮಗಳು. ಉದಗೀರದ ಸೀಮೆಯಲ್ಲಿ ಹುಟ್ಟಿ ಉಮರ್ಗಾ ಸೀಮೆಗೆ ಸೊಸೆಯಾಗಿ ಹೋದವಳು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಊರಿಗೆ ಊರೇ ದಣಿದು ಮಲಗಿದ್ದ ಹೊತ್ತಿನಲ್ಲಿ, ಭೂಮಿ ನಡುಗಿತು. ಕಲ್ಲುಮಣ್ಣಿನ ಗೋಡೆಗಳ ಮೇಲೆ ಕೂತಿದ್ದ ಮಾಳಿಗೆ ಕುಸಿದು ಅವಳ ಅತ್ತೆಯನ್ನೂ ಕಿರಿಯ ಮಗನನ್ನೂ ತನ್ನಡಿಯಲ್ಲೇ ಇರಿಸಿಕೊಂಡಿತು. ಮೂರನೆಯ ದಿನ ನಾನು ಅಲ್ಲಿಗೆ ತಲುಪಿದಾಗ ಮಳೆ ಸುರಿಯುತ್ತಿತ್ತು. ಬಯಲಿನಲ್ಲಿ ಹಾಕಿದ್ದ ಗುಡಾರದ ಮುಂದೆ ಮೂರು ಕಲ್ಲಿನ ಒಲೆ ಹೂಡಿ ಅಕ್ಕ ತನ್ನವರಿಗೂ ನೆರೆಯವರಿಗೂ ಅನ್ನ ಬೇಯಿಸುತ್ತಿದ್ದಳು. ಕಣ್ಣಲ್ಲಿ ಹನಿ ನೀರಿರಲಿಲ್ಲ. ಬಂದವರೆಲ್ಲ ಒಂದೇ ಮಾತನ್ನು ಆಡಿದರು: ಭೂಮಿತೂಕದ ಹೆಣ್ಣು.

ಹಾಗೆ ಆಡಿದವರಲ್ಲಿ ನಾನೂ ಒಬ್ಬ. ಆಡಿದ್ದಷ್ಟೇ ಅಲ್ಲ, ಕೆಲವು ವರ್ಷಗಳ ಮೇಲೆ ಒಂದು ಸಭೆಯಲ್ಲಿ ತಾಳ್ಮೆಯ ವಿಷಯವಾಗಿ ಭಾಷಣ ಮಾಡುತ್ತ, ಅವಳು ಎದುರಿಗೇ ಕುಳಿತಿರಲು, ಅವಳ ಸಹನೆಯನ್ನು ನಾಲ್ಕು ಜನರ ಮುಂದೆ ಕೊಂಡಾಡಿದೆ. ಚಪ್ಪಾಳೆ ಬಿತ್ತು. ಮನೆಗೆ ಹಿಂತಿರುಗುವ ದಾರಿಯಲ್ಲಿ ಅವಳು ಮೆಲ್ಲಗೆ ಹೇಳಿದಳು: "ತಮ್ಮಾ, ನಾ ತಾಳೀನಿ ಅಂತ ಮಂದ್ಯಾಗ ಹೇಳಬ್ಯಾಡ. ತಾಳ್ತೀ ಏನವ್ವಾ ಅಂತ ನನ್ನ ಯಾರು ಕೇಳಿದ್ದರು? ನಾ ಮರತೀನಿ ಅಂದರೂ ಈ ಮೈ ಮರತಿಲ್ಲ."

ಈ ಎರಡು ಮಾತುಗಳು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಸಹನೆಯನ್ನು ನಾವು ಗುಣಗಳಲ್ಲೆಲ್ಲ ಹಿರಿದೆಂದು ಎಣಿಸುತ್ತೇವೆ. ದಾಸರು ಅದನ್ನು ತಪಸ್ಸಿಗೂ ಮೇಲಿರಿಸಿ ಹಾಡಿದ್ದಾರೆ. ಆದರೆ ಒಬ್ಬರ ಸಹನೆಯನ್ನು ಮತ್ತೊಬ್ಬರು ಹೊಗಳುವಾಗ ಆ ಹೊಗಳಿಕೆಯ ವೆಚ್ಚ ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಂತೆ ಕಾಣೆ. ಅಕ್ಕನಿಗೆ ನಲವತ್ತು ತುಂಬುವುದರೊಳಗೆ ರಕ್ತದೊತ್ತಡ, ಆಮೇಲೆ ಸಕ್ಕರೆ ಕಾಯಿಲೆ. ಇವೆರಡಕ್ಕೂ ಕಾರಣಗಳು ಹಲವು. ಒಂದೇ ರಾತ್ರಿಯ ಮೇಲೆ ಎಲ್ಲವನ್ನೂ ಹೊರಿಸುವುದು ಸರಿಯಲ್ಲ. ಆದರೆ ನಸುಕಿನ ನಾಲ್ಕಕ್ಕೆ ಐದು ನಿಮಿಷವಿರುವಾಗ ಅವಳಿಗೆ ಇಂದಿಗೂ ಎಚ್ಚರವಾಗುತ್ತದೆ. ಅಂದು ಭೂಮಿ ನಡುಗಿದ್ದು ಆ ಗಳಿಗೆಯಲ್ಲೇ. ಗಡಿಯಾರ ನೋಡಿ ಏಳುವವಳಲ್ಲ ಅವಳು.

ನಮ್ಮ ನುಡಿಗೆ ಈ ಸತ್ಯ ಎಂದೋ ತಿಳಿದಿತ್ತು. ಅಂಜಿದಾಗ ಕನ್ನಡಿಗನ 'ಮನಸ್ಸು' ಅಂಜುವುದಿಲ್ಲ. ಅವನ ಎದೆ ಝಲ್ಲೆನ್ನುತ್ತದೆ, ಬಾಯಿ ಒಣಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಜಂಘಾಬಲ ಉಡುಗುತ್ತದೆ, ಕರುಳು ಕಿತ್ತು ಬರುತ್ತದೆ, ಹೊಟ್ಟೆ ಉರಿಯುತ್ತದೆ. ಯುದ್ಧಭೂಮಿಯಲ್ಲಿ ನಿಂತ ಅರ್ಜುನನ ವಿಷಾದವೂ ತತ್ತ್ವಜಿಜ್ಞಾಸೆಯಾಗಿ ಮೊದಲಾದುದಲ್ಲ. ಒಣಗಿದ ಬಾಯಿ, ನಡುಗುವ ಮೈ, ನಿಮಿರಿದ ರೋಮ, ಜಾರುವ ಗಾಂಡೀವಗಳಾಗಿ ಮೊದಲಾಯಿತು. ಚಾಲುಕ್ಯರ ಆಸ್ಥಾನದ ರನ್ನನಂತೂ ಈ ವಿಷಯದಲ್ಲಿ ವೈದ್ಯರನ್ನೂ ಮೀರಿಸಿದವನು. ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಮುಳುಗಿರುವ ದುರ್ಯೋಧನ ಭೀಮನ ಗರ್ಜನೆಯನ್ನು ಕೇಳಿ ಬೆವರುತ್ತಾನೆ. ನೀರಿನೊಳಗೆ ಬೆವರು! ಉತ್ಪ್ರೇಕ್ಷೆಯೆಂದು ನಕ್ಕು ಮುಂದೆ ಸಾಗುವ ವಿದ್ಯಾರ್ಥಿಗಳನ್ನು ನಾನು ತರಗತಿಯಲ್ಲಿ ಬಹಳ ಕಂಡಿದ್ದೇನೆ. ಛಲದ ಮಾತು ಮನಸ್ಸಿನದು, ಬೆವರು ಮೈಯದು. ಇವೆರಡೂ ಒಂದನ್ನೇ ಹೇಳಬೇಕೆಂದಿಲ್ಲ ಎಂಬುದು ಕವಿಗೆ ಗೊತ್ತಿತ್ತು.

ವಿಜ್ಞಾನವು ಇದೇ ದಾರಿಯನ್ನು ಬೇರೊಂದು ದಿಕ್ಕಿನಿಂದ ಹಿಡಿಯಿತು. ಅಮೆರಿಕೆಯ ಹಾರ್ವರ್ಡಿನಲ್ಲಿದ್ದ ವಾಲ್ಟರ್ ಕ್ಯಾನನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಆಗಷ್ಟೇ ಬಳಕೆಗೆ ಬಂದಿದ್ದ ಕ್ಷಕಿರಣಗಳ ಮೂಲಕ ಬೆಕ್ಕುಗಳ ಜಠರದ ಚಲನೆಯನ್ನು ನೋಡುತ್ತಿದ್ದ. ಬೆಕ್ಕು ಗಾಬರಿಗೊಂಡಿತೆಂದರೆ ಜಠರದ ಅಲೆ ಥಟ್ಟನೆ ನಿಂತುಬಿಡುತ್ತಿತ್ತು. 1915ರಲ್ಲಿ ಅವನು ತನ್ನ ಗ್ರಂಥದಲ್ಲಿ ವಿವರಿಸಿದ ಕ್ರಮ ಇಂದು ಎಲ್ಲರಿಗೂ ಪರಿಚಿತ. ಅಪಾಯದ ಸುಳಿವು ಸಿಕ್ಕೊಡನೆ, ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಸುತ್ತವೆ. ಗುಂಡಿಗೆ ವೇಗವಾಗಿ ಬಡಿಯುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಗೆ ಹಾಕುತ್ತದೆ, ನೆತ್ತರು ಹೊಟ್ಟೆಯನ್ನು ಬಿಟ್ಟು ತೋಳು ತೊಡೆಗಳ ಕಡೆಗೆ ಹರಿಯುತ್ತದೆ. ಬಾಯಿ ಒಣಗುವುದು ಅದಕ್ಕೇ. ಪ್ರಾಣ ಉಳಿಸಿಕೊಳ್ಳುವ ಹೊತ್ತಿನಲ್ಲಿ ಜೊಲ್ಲಿನ ಹಂಗೇಕೆ? ಕಾದು, ಇಲ್ಲವೇ ಓಡು. ಎರಡರಲ್ಲಿ ಒಂದಕ್ಕೆ ಮೈ ಅಣಿಯಾಗುತ್ತದೆ. ಇದರಲ್ಲಿ ಹೇಡಿತನದ ಲೇಶವೂ ಇಲ್ಲ. ಯಜಮಾನನಿಗಿಂತ ಮೊದಲೇ ಎಚ್ಚರಗೊಂಡು ದೀಪ ಹಚ್ಚುವ ಮನೆಯ ಆಳಿನಂತೆ, ದೇಹವು ನಮಗಿಂತ ಒಂದು ಕ್ಷಣ ಮುಂಚೆ ಎದ್ದಿರುತ್ತದೆ.

ಅಡ್ರಿನಲಿನ್ ಕ್ಷಣಗಳ ಕೆಲಸದ್ದು. ಅದರ ಹಿಂದೆ ನಿಧಾನವಾಗಿ ಬರುವ ಇನ್ನೊಂದು ರಸವಿದೆ, ಕಾರ್ಟಿಸಾಲ್. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಅದು ಅಡ್ರಿನಲ್‌ಗೆ ಹೇಳುತ್ತದೆ. ಹೀಗೆ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಹೊರಬರುವ ರಸವಿದು. ದೀರ್ಘಕಾಲದ ಸೆಣಸಿಗೆ ಬೇಕಾದ ಸಕ್ಕರೆಯನ್ನು ಒದಗಿಸುವುದು, ತುರ್ತಿಲ್ಲದ ಕೆಲಸಗಳನ್ನು ಮುಂದೂಡುವುದು ಅದರ ಕಾರ್ಯ. ಗಾಯ ಮಾಯುವುದು, ಬೆಳವಣಿಗೆ, ಗಾಢನಿದ್ರೆ ಎಲ್ಲವೂ ಆಮೇಲೆ. ಹುಲಿ ಹಿಂದೆ ಸರಿದರೆ ಈ 'ಆಮೇಲೆ' ಬೇಗ ಬರುತ್ತದೆ. ಹುಲಿ ಸರಿಯದಿದ್ದರೆ? 1936ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ ಈ ಪ್ರಶ್ನೆಗೆ ಮೊದಲ ಉತ್ತರವನ್ನು ಇಲಿಗಳಲ್ಲಿ ಕಂಡ. ಚಳಿ, ಗಾಯ, ವಿಷ, ಅತಿಶ್ರಮ, ಹಿಂಸೆ ಯಾವುದಾದರೂ ಆಗಲಿ, ಬಹುಕಾಲ ಮುಂದುವರಿದರೆ ಮೈ ತೋರುವ ಗುರುತುಗಳು ಒಂದೇ: ಅಡ್ರಿನಲ್ ಗ್ರಂಥಿ ಊದುತ್ತದೆ, ರೋಗನಿರೋಧಕ ಅಂಗಗಳು ಕುಗ್ಗುತ್ತವೆ, ಜಠರದಲ್ಲಿ ಹುಣ್ಣಾಗುತ್ತದೆ. ಮೊದಲು ಎಚ್ಚರಿಕೆಯ ಕೂಗು, ಆಮೇಲೆ ತಾಳಿ ನಿಲ್ಲುವ ಹಂತ, ಕೊನೆಗೆ ಬಳಲಿಕೆ ಎಂದು ಅವನು ಮೂರು ಹೆಜ್ಜೆಗಳನ್ನು ಗುರುತಿಸಿದ. ನಡುವಿನ ಹಂತವನ್ನೇ ನಾವು ಸಭೆಗಳಲ್ಲಿ ಹೊಗಳುತ್ತೇವೆ. ಅಕ್ಕ ಒಲೆಯ ಮುಂದೆ ಕುಳಿತಿದ್ದ ಆ ಮೂರನೆಯ ದಿನ ಅವಳ ಮೈ ಆ ಹಂತದಲ್ಲಿತ್ತೆಂದು ನನಗೆ ಈಗ ತೋರುತ್ತದೆ.

ಕಾಕತಾಳೀಯವೆನ್ನಬೇಕು, ಕಿಲ್ಲಾರಿಯ ಭೂಕಂಪವಾದ ಆ 1993ರಲ್ಲೇ ಬ್ರೂಸ್ ಮೆಕ್‌ಎವೆನ್ ಮತ್ತು ಎಲಿಯಟ್ ಸ್ಟೆಲ್ಲರ್ ಎಂಬ ವಿಜ್ಞಾನಿಗಳು ಈ ವಿಚಾರಕ್ಕೆ ಒಂದು ಹೆಸರಿಟ್ಟರು: ಅಲೊಸ್ಟ್ಯಾಟಿಕ್ ಲೋಡ್. ಹೊಂದಿಕೊಳ್ಳುವುದರ ಹೊರೆ ಎನ್ನೋಣ. ಹೊಂದಿಕೊಳ್ಳುವುದು ಪುಕ್ಕಟೆಯಲ್ಲ ಎಂಬುದು ಅದರ ತಿರುಳು. ಪ್ರತಿಯೊಂದು ಹೊಂದಾಣಿಕೆಗೂ ದೇಹ ತನ್ನ ಬಂಡವಾಳದಿಂದ ಸಾಲ ಕೊಡುತ್ತದೆ. ನಡುವೆ ಬಿಡುವು ಸಿಕ್ಕರೆ ಸಾಲ ತೀರುತ್ತದೆ, ಸಿಗದಿದ್ದರೆ ಬಡ್ಡಿ ಬೆಳೆಯುತ್ತದೆ. ರಕ್ತನಾಳಗಳು ಬಿರುಸಾಗುತ್ತವೆ, ಸಕ್ಕರೆ ಏರುತ್ತದೆ, ನಿದ್ರೆ ಹರಿದುಹೋಗುತ್ತದೆ, ನೆನಪು ಮಸುಕಾಗುತ್ತದೆ. ಅಡತಿ ಅಂಗಡಿಯ ಖಾತೆಪುಸ್ತಕವನ್ನು ಬಲ್ಲ ನಮ್ಮ ರೈತನಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇನ್ನು ಆ ಭೂಕಂಪದ ಮಾತು. ಸುಮಾರು ಹತ್ತು ಸಾವಿರ ಜನ ಸತ್ತರು. ಲಾತೂರ ಜಿಲ್ಲೆಯ ಔಸಾ ಮತ್ತು ಅಂದಿನ ಉಸ್ಮಾನಾಬಾದಿನ ಉಮರ್ಗಾ ತಾಲ್ಲೂಕುಗಳ ಊರುಗಳೇ ಹೆಚ್ಚಾಗಿ ನೆಲಕಚ್ಚಿದವು. ಅದು ಹೇಳದೆ ಕೇಳದೆ ಬಂದದ್ದಲ್ಲ. ಅದರ ಹಿಂದಿನ ವರ್ಷ, 1992ರಲ್ಲಿ, ಕಿಲ್ಲಾರಿಯ ಸುತ್ತ ನೆಲ ಹಲವು ಸಲ ಸಣ್ಣಗೆ ನಡುಗಿತ್ತು. ಆಗ ತಾವು ಕೆಲವು ರಾತ್ರಿ ಹೊರಗೆ ಮಲಗಿದ್ದೆವೆಂದು ಅಕ್ಕನ ಮನೆಯವರು ಹೇಳುತ್ತಾರೆ. ದಿನ ಕಳೆಯಿತು, ನಡುಕ ನಿಂತಿತು, ಅಂಜುಬುರುಕರೆಂದು ನಗುವವರೂ ಇದ್ದರು. ಹಾಸಿಗೆಗಳು ಮತ್ತೆ ಮಾಳಿಗೆಯ ಕೆಳಗೆ ಹೋದವು. ಮೈ ಹೇಳಿದ್ದನ್ನು ಮಾತು ಸುಳ್ಳು ಮಾಡಿತು. ಮತ್ತೊಂದು ವಿಪರ್ಯಾಸ: ಎರಡಡಿ ದಪ್ಪದ ಕಲ್ಲುಗೋಡೆ, ಮೇಲೆ ಮಣಗಟ್ಟಲೆ ಮಣ್ಣಿನ ಮಾಳಿಗೆ ಉಳ್ಳವರ ಭದ್ರತೆಯ ಗುರುತಾಗಿದ್ದವು. ಅವೇ ಕೊಂದವು. ಬಡವರ ಗುಡಿಸಲುಗಳು ತೂಗಾಡಿ ನಿಂತವು.

ಆದ್ದರಿಂದ ಅಂಜಿಕೆಯನ್ನು ದೌರ್ಬಲ್ಯವೆನ್ನುವ ಮುನ್ನ, ಅದು ಏನನ್ನು ಕಂಡು ಎದ್ದಿತು ಎಂದು ವಿಚಾರಿಸಬೇಕು. "ಎದೆ ಗಟ್ಟಿ ಮಾಡಿಕೋ" ಎಂಬುದು ನಾವು ಧಾರಾಳವಾಗಿ ಕೊಡುವ ಸಲಹೆ. ಎದೆಯನ್ನು ಗಟ್ಟಿ ಮಾಡಿಕೊಳ್ಳಬೇಕಾದದ್ದು ಒಮ್ಮೊಮ್ಮೆ ನಿಜ. ಆದರೆ ಬಹಳ ಸಲ ಗಟ್ಟಿ ಮಾಡಬೇಕಾದದ್ದು ಗೋಡೆಯನ್ನು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಎಲ್ಲ ಒತ್ತಡವೂ ಕೆಡುಕೇ? ಪರೀಕ್ಷೆಗೆ ಕುಳಿತ ಹುಡುಗಿ, ಹೆರಿಗೆಯ ನೋವು ತಿನ್ನುವ ತಾಯಿ, ಗಡಿಯಲ್ಲಿ ಕಾವಲು ನಿಂತ ಯೋಧ, ಉಪವಾಸ ಕುಳಿತ ಸತ್ಯಾಗ್ರಹಿ ಇವರೆಲ್ಲ ತಾಳುವುದಿಲ್ಲವೇ? ತಾಳುತ್ತಾರೆ, ಅದು ಅವರನ್ನು ಬೆಳೆಸಲೂಬಹುದು. ಭೇದ ಎಲ್ಲಿದೆಯೆಂದರೆ, ಅವರಲ್ಲಿ ಹಲವರು ಆ ಭಾರವನ್ನು ತಾವೇ ಎತ್ತಿಕೊಂಡವರು. ಅದಕ್ಕೊಂದು ಕೊನೆ ಇದೆಯೆಂದು ಬಲ್ಲವರು. 1970ರ ಆಸುಪಾಸಿನಲ್ಲಿ ಜೇ ವೈಸ್ ಎಂಬ ಸಂಶೋಧಕ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ನೋಡಲು ಕ್ರೂರವಾದರೂ ಇದನ್ನೇ ಹೇಳಿದವು. ಎರಡು ಇಲಿಗಳಿಗೆ ಸಮಸಮನಾದ ವಿದ್ಯುತ್ ಆಘಾತ; ಒಂದಕ್ಕೆ ಆಘಾತದ ಮುನ್ಸೂಚನೆ ಸಿಗುತ್ತದೆ, ಇನ್ನೊಂದಕ್ಕೆ ಇಲ್ಲ. ಅಥವಾ ಒಂದಕ್ಕೆ ಅದನ್ನು ನಿಲ್ಲಿಸುವ ಉಪಾಯ ಕೈಯಲ್ಲಿದೆ, ಇನ್ನೊಂದಕ್ಕೆ ಇಲ್ಲ. ಸೂಚನೆಯೂ ಉಪಾಯವೂ ಇಲ್ಲದ ಇಲಿಯ ಜಠರದಲ್ಲಿ ಹುಣ್ಣು ಹೆಚ್ಚು. ನೋವು ಎರಡಕ್ಕೂ ಒಂದೇ. ಅಸಹಾಯಕತೆ ಒಂದೇ ಅಲ್ಲ.

ದೊಡ್ಡ ಹುದ್ದೆಯವರಿಗೇ ದೊಡ್ಡ ಒತ್ತಡ ಎಂಬ ನಂಬಿಕೆ ನಮ್ಮಲ್ಲಿದೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು 1967ರಿಂದ ಅಧ್ಯಯನ ಮಾಡಿದವರು ಕಂಡದ್ದು ಬೇರೆ: ಹೃದಯದ ಕಾಯಿಲೆಯಿಂದ ಸಾಯುವುದು ಮೇಲಧಿಕಾರಿಗಳಿಗಿಂತ ಕೆಳದರ್ಜೆಯವರಲ್ಲೇ ಬಹಳ ಹೆಚ್ಚು. ಬೀಡಿ ಸಿಗರೇಟು, ರಕ್ತದೊತ್ತಡಗಳನ್ನು ಲೆಕ್ಕದಿಂದ ತೆಗೆದರೂ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. ತನ್ನ ದಿನದ ಮೇಲೆ ತನಗೆ ಹಿಡಿತವಿಲ್ಲದವನ ಮೈ ಬೇಗ ಸವೆಯುತ್ತದೆ.

ಇದನ್ನು ನಿಲಂಗಾದ ಹೊಲಕ್ಕೆ ತಂದು ನೋಡಿರಿ. ಸೋಯಾಬೀನು ಬಿತ್ತಿದವನಿಗೆ ಮಳೆಯ ಮೇಲೆ ಹಿಡಿತವಿಲ್ಲ, ಉದಗೀರದ ಪೇಟೆಯಲ್ಲಿ ತೊಗರಿಯ ದರದ ಮೇಲೆ ಹಿಡಿತವಿಲ್ಲ. ಸಾಲದ ಕಂತಿನ ದಿನಾಂಕವೊಂದು ಮಾತ್ರ ತಪ್ಪದೆ ಬರುತ್ತದೆ. 2016ರ ಬೇಸಿಗೆಯನ್ನು ಮರೆಯಲಾದೀತೇ? ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂತು. ನೀರಿನ ತಾಣಗಳ ಬಳಿ ಜನ ಗುಂಪುಗೂಡದಂತೆ 144ನೆಯ ಕಲಮನ್ನು ಜಾರಿ ಮಾಡಿದ್ದರು. ಕೊಡ ಹಿಡಿದು ರಾತ್ರಿಯೆಲ್ಲ ಟ್ಯಾಂಕರಿನ ಹಾದಿ ಕಾದ ಹೆಂಗಸಿನ ಮೈಗೆ ಎದುರಿನಲ್ಲಿ ಹುಲಿಯಿರಲಿಲ್ಲ. ಕಾದುವುದಕ್ಕೂ ಓಡುವುದಕ್ಕೂ ಯಾರೂ ಇರಲಿಲ್ಲ. ಆದರೂ ಗುಂಡಿಗೆ ಬಡಿಯುತ್ತಿತ್ತು. ಬೆಳಗಾದರೆ "ನಮ್ಮ ಹೆಣ್ಣುಮಕ್ಕಳ ತಾಳ್ಮೆ ದೊಡ್ಡದು" ಎಂದು ಪತ್ರಿಕೆಯಲ್ಲಿ ಓದುವ ನಾವು ಇದ್ದೆವು.

ಮತ್ತೊಂದು ಅಪಾಯವನ್ನು ಹೇಳದೆ ಬಿಟ್ಟರೆ ಬರಹ ಅಪ್ರಾಮಾಣಿಕವಾದೀತು. 'ಟೆನ್ಶನ್' ಎಂಬ ಪದ ಈಗ ಹಳ್ಳಿಯ ಕಟ್ಟೆಯವರೆಗೂ ಬಂದಿದೆ. ಬ್ಯಾಂಕಿನಲ್ಲಿ ಮುಖ ತಗ್ಗಿಸಿ ನಿಂತು ಬಂದವನು ಮನೆಯಲ್ಲಿ ತಾಟು ಎಸೆಯುತ್ತಾನೆ. ಹೆಂಡತಿಯ ಕೈ ಮಗುವಿನ ಬೆನ್ನ ಮೇಲೆ ಬೀಳುತ್ತದೆ. ಮಗು ಕಟ್ಟಿಹಾಕಿದ ನಾಯಿಗೆ ಕಲ್ಲು ಬೀರುತ್ತದೆ. ಕೇಳಿದರೆ ಟೆನ್ಶನ್. ಆಫ್ರಿಕೆಯ ಬಬೂನ್ ಕೋತಿಗಳಲ್ಲೂ ಸೋತ ಗಂಡು ತನಗಿಂತ ಕೆಳಗಿನದನ್ನು ಕಚ್ಚುವುದನ್ನು ರಾಬರ್ಟ್ ಸಪೋಲ್‌ಸ್ಕಿ ದಾಖಲಿಸಿದ್ದಾನೆ. ಕೋತಿಗೆ ಅದು ಸ್ವಭಾವ. ಮನುಷ್ಯನಿಗೆ ಅದು ನೆಪವಾಗಬಾರದು. ಎದೆ ಬಡಿತಕ್ಕೆ ಯಾರೂ ಹೊಣೆಯಲ್ಲ, ಎತ್ತಿದ ಕೈಗೆ ಎತ್ತಿದವನೇ ಹೊಣೆ. ಆದರೆ ಇದರಿಂದ ಒಂದು ಮಾತಂತೂ ಸ್ಪಷ್ಟವಾಗುತ್ತದೆ: ಒತ್ತಡ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಯಾರಿಗೆ ಅದನ್ನು ಮುಂದೆ ದಾಟಿಸಲು ಯಾರೂ ಇಲ್ಲವೋ ಅವರಲ್ಲಿ ನಿಲ್ಲುತ್ತದೆ. ಹಾಗೆ ನಿಂತದ್ದನ್ನು ಕಂಡು ನಾವು ಅದಕ್ಕೆ ತಾಳ್ಮೆ ಎಂದು ಹೆಸರಿಡುತ್ತೇವೆ. ನಾನು ಅಂದು ವೇದಿಕೆಯ ಮೇಲೆ ಮಾಡಿದ್ದು ಅದನ್ನೇ.

ಮಾತಿಗೂ ಮೈಗೂ ಇರುವ ನಂಟಿನಲ್ಲಿ ನಮ್ಮ ಗಡಿಯ ಕನ್ನಡಿಗರಿಗೆ ಒಂದು ವಿಶೇಷ ಕಷ್ಟವಿದೆ. 1956ರಲ್ಲಿ ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಬೇರ್ಪಟ್ಟ ಮೇಲೆ ಕಚೇರಿಯ ಮಾತು, ಶಾಲೆಯ ಮಾತು ಮರಾಠಿಯಾಯಿತು. ಅದರ ಬಗ್ಗೆ ನನಗೆ ದೂರಿಲ್ಲ. ಮರಾಠಿ ನನಗೆ ಎರಡನೆಯ ತಾಯಿ. ಆದರೆ ಅಂಜಿಕೆ ಕಲಿತ ಭಾಷೆಯಲ್ಲಿ ಬರುವುದಿಲ್ಲ, ಹುಟ್ಟಿದ ಭಾಷೆಯಲ್ಲಿ ಬರುತ್ತದೆ. ಅಕ್ಕನನ್ನು ಒಮ್ಮೆ ದವಾಖಾನೆಗೆ ಕರೆದೊಯ್ದಿದ್ದರು. "ಹೊಟ್ಟ್ಯಾಗ ಕಳವಳ ಆಗ್ತದ" ಎಂದಳು. ಮಗ ಅದನ್ನು ಮರಾಠಿಯಲ್ಲಿ ಹೊಟ್ಟೆನೋವು ಎಂದು ಹೇಳಿದ. ವೈದ್ಯರು ಹೊಟ್ಟೆಗೆ ಗುಳಿಗೆ ಬರೆದುಕೊಟ್ಟರು. ತಪ್ಪು ಯಾರದು? ಮಗನಿಗೆ 'ಕಳವಳ'ಕ್ಕೆ ಪದ ಸಿಗಲಿಲ್ಲ. ವೈದ್ಯರು ಕೇಳಿದ್ದಕ್ಕೆ ಮದ್ದು ಕೊಟ್ಟರು. ನಾಲ್ಕು ವರ್ಷ ಆ ಗುಳಿಗೆ ನುಂಗಿದಳು. ಸಾಹಿತ್ಯ ಸಮ್ಮೇಳನಗಳು ಕನ್ನಡದ ಉಳಿವನ್ನು ಕುರಿತು ಮಾತಾಡುವಾಗ ನನಗೆ ನೆನಪಾಗುವುದು ಆ ಗುಳಿಗೆಯ ಚೀಟಿ.

ಭೂಕಂಪದ ಮೇಲೆ 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ವಿಶ್ವಬ್ಯಾಂಕಿನ ನೆರವು, ಅಗಲವಾದ ನೇರ ರಸ್ತೆಗಳು, ಜಮೀನಿನ ಅಳತೆಗೆ ತಕ್ಕಂತೆ 250, 400, 750 ಚದರಡಿಯ ಮನೆಗಳು. ಗೋಡೆ ಗಟ್ಟಿಯಾದವು, ಅದು ಸಣ್ಣ ಮಾತಲ್ಲ. ಹಳೆಯ ಓಣಿ ಮಾತ್ರ ಹೋಯಿತು. ಇಕ್ಕಟ್ಟಿನ ಓಣಿಯಲ್ಲಿ ಹೊಸ್ತಿಲಿಗೆ ಹೊಸ್ತಿಲು ತಾಗಿಸಿಕೊಂಡು ಕುಳಿತು ಕಾಳು ಹಸನು ಮಾಡುತ್ತಿದ್ದ ಹೆಂಗಸರು ಬೇರೆ ಬೇರೆ ಸಾಲುಗಳಿಗೆ ಚದುರಿದರು. ನಂಬಿದವರು ಪಕ್ಕದಲ್ಲಿದ್ದರೆ ಮೈಯ ಗಾಬರಿ ಬೇಗ ಇಳಿಯುತ್ತದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಅಕ್ಕನ ನೆರೆಯಾಕೆಗೆ ಮನೆ ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ. ಸ್ಲ್ಯಾಬಿನ ಮನೆಯೊಳಗೆ ಅಕ್ಕ ಅಡುಗೆ ಮಾಡುತ್ತಾಳೆ, ಪೂಜೆ ಮಾಡುತ್ತಾಳೆ, ಬಂದವರನ್ನು ಉಪಚರಿಸುತ್ತಾಳೆ. ಮಲಗುವುದಿಲ್ಲ. ಮಳೆಗಾಲವಿರಲಿ ಚಳಿಗಾಲವಿರಲಿ, ಅವಳ ಹೊರಸು ಅಂಗಳದ ತಗಡಿನ ಚಪ್ಪರದ ಕೆಳಗೆ. ಮೂವತ್ತು ವರ್ಷ ಮಕ್ಕಳು ಮೊಮ್ಮಕ್ಕಳು "ಒಳಗ ಬಾ ಅವ್ವಾ, ಈಗೇನೂ ಆಗಂಗಿಲ್ಲ" ಎಂದು ಕರೆದು ಸೋತಿದ್ದಾರೆ. ನಾನೂ ಕರೆದಿದ್ದೆ, ವೈಜ್ಞಾನಿಕವಾಗಿ ವಿವರಿಸಿದ್ದೆ, ಕಬ್ಬಿಣ ಸಿಮೆಂಟುಗಳ ಪ್ರಮಾಣವನ್ನೂ ಹೇಳಿದ್ದೆ.

ಕಳೆದ ಚಳಿಗಾಲದಲ್ಲಿ ಹೋದಾಗ ಏನನ್ನೂ ಹೇಳಲಿಲ್ಲ. ನನ್ನದೂ ಒಂದು ಹೊರಸನ್ನು ಅಂಗಳಕ್ಕೆ ತರಿಸಿ ಅವಳ ಪಕ್ಕದಲ್ಲಿ ಹಾಕಿಕೊಂಡೆ. ಅವಳು ವಿಚಿತ್ರವಾಗಿ ನೋಡಿದಳು. ಬಳಿಕ ಒಳಗೆ ಹೋಗಿ ತನ್ನ ಕೈಯಾರೆ ಹೊಲಿದ ಕೌದಿಯೊಂದನ್ನು ತಂದು ಹೊದಿಸಿದಳು. ನಸುಕಿನಲ್ಲಿ ದೂರದ ರಸ್ತೆಯಿಂದ ನೆಲವನ್ನು ಅದುರಿಸುವ ಸದ್ದು ಬಂತು. ಅಕ್ಕ ಎದ್ದು ಕುಳಿತಳು. ಕತ್ತಲಲ್ಲಿ ಅವಳ ಉಸಿರು ಕೇಳುತ್ತಿತ್ತು.

"ಏನದು ತಮ್ಮಾ?"

"ಕಬ್ಬಿನ ಲಾರಿ, ಅಕ್ಕಾ. ಕಾರಖಾನಿಗೆ ಹೊಂಟದ."

"ಒಂದೇ ಏನು?"

"ಎರಡವ. ಹಿಂದೊಂದು ಬರ್ಲಿಕ್ಕತ್ಯದ."

ಎರಡನೆಯದು ಹಾದುಹೋಗುವವರೆಗೆ ಕುಳಿತೇ ಇದ್ದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿದಳು. ಸ್ವಲ್ಪ ಹೊತ್ತಿನಲ್ಲಿ ಉಸಿರು ನಿಧಾನವಾಯಿತು. ಮೂರನೆಯ ಲಾರಿ ಬಂದಾಗ ಅವಳಿಗೆ ಎಚ್ಚರವಾಗಲಿಲ್ಲ, ಎಚ್ಚರವಿದ್ದವನು ನಾನು.